ಗಾಜಿನ ಕುಲುಮೆ ಬೆಚ್ಚಗಿಟ್ಟ ಮನೆಗಳು

ಸ್ಟೇಷನ್ನಿನಲ್ಲಿ ನಿಂತ ರೈಲು ಹೊರಡದೆ ಸುಮ್ಮನೆ ಉಸಿರಾಡುತ್ತಿರುವಂಥ ಸದ್ದು. 2021ರ ಚಳಿಗಾಲದಲ್ಲಿ, ವಾಷಿಂಗ್ಟನ್ ಹತ್ತಿರದ ಆಶ್‌ಬರ್ನ್‌ನ ನನ್ನ ಟೌನ್‌ಹೌಸಿನ ಊಟದ ಮೇಜಿನ ಮೇಲೆ, ಲ್ಯಾಪ್‌ಟಾಪಿನ ವಿಡಿಯೋ ಕಾಲಿನೊಳಗಿಂದ ಅದು ಕೇಳಿಸುತ್ತಿತ್ತು. ಹೊರಗೆ ಹಿಮ, ಕೈಯಲ್ಲಿ ಆರುತ್ತಿರುವ ಕಾಫಿ; ಮಾಲ್ಡೋವಾ ದೇಶದ ಗಾಜಿನ ಕುಲುಮೆಯೊಂದು ನನ್ನ ಮನೆಯಲ್ಲೇ ಎಲ್ಲೋ ಉರಿಯುತ್ತಿದೆ ಅನಿಸುತ್ತಿತ್ತು.

ವಾಷಿಂಗ್ಟನ್ನಿನ ಒಂದು ಡೆವಲಪ್‌ಮೆಂಟ್ ಬ್ಯಾಂಕಿನಿಂದ ನಿವೃತ್ತಳಾಗಿ ಆಗ ಕನ್ಸಲ್ಟೆಂಟ್ ಆಗಿದ್ದೆ. ನನ್ನ ವಿಷಯ ‘ಟ್ರಾನ್ಸಿಷನ್ ಎಕಾನಮಿ’, ಅಂದರೆ ಕಮ್ಯುನಿಸ್ಟ್ ಆಡಳಿತ ಮುಗಿದು ಮಾರುಕಟ್ಟೆಯ ಕಡೆಗೆ ಹೊರಳಿದ ದೇಶಗಳು. ಅಲ್ಲಿ ಬಂಡವಾಳ ಹೂಡುವ ಮೊದಲು ಕಂಪನಿಗಳು ‘ಡ್ಯೂ ಡಿಲಿಜೆನ್ಸ್’ ಮಾಡಿಸುತ್ತವೆ. ಹೆಣ್ಣು ಕೊಡುವ ಮುಂಚೆ ಮನೆತನ ವಿಚಾರಿಸುತ್ತಾರಲ್ಲ, ಅದೇ ಕೆಲಸ, ಸ್ವಲ್ಪ ದುಬಾರಿ ಇಂಗ್ಲಿಷಿನಲ್ಲಿ.

ಈ ಸಲ ವಿಚಾರಿಸಲು ಹೇಳಿದ್ದು ನಾರ್ತ್ ಕ್ಯಾರೊಲೈನದ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಕಂಪನಿ. ಲಸಿಕೆಯ ಕಾಲ, ಔಷಧಿ ಬಾಟಲಿಗಳಿಗೆ ಎಲ್ಲಿಲ್ಲದ ಬೇಡಿಕೆ. ಜ್ಯಾಮ್ ಬಾಟಲಿ ಮಾಡುತ್ತಿದ್ದ ಮಾಲ್ಡೋವಾದ ಆ ಹಳೆಯ ಕಾರ್ಖಾನೆಯನ್ನು ಕೊಂಡು, ಗ್ಯಾಸ್ ಕುಲುಮೆ ತೆಗೆದು ವಿದ್ಯುತ್ ಕುಲುಮೆ ಹಾಕುವುದು ಅವರ ಪ್ಲ್ಯಾನ್. ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದವನು ಶ್ರೀನಿಧಿ, ಮೈಸೂರಿನವನು, ನನಗೆ ಮೊದಲಿನಿಂದ ಪರಿಚಯ, ತಲೆ ಆಗಲೇ ನರೆತಿತ್ತು. ಕಾರ್ಖಾನೆಯ ಡೈರೆಕ್ಟರ್ ವೇರಾ, ಹೆಚ್ಚೂಕಡಿಮೆ ನನ್ನ ವಯಸ್ಸಿನವಳು. ಏನು ಕೇಳಿದರೂ ಅವಳ ಉತ್ತರ ಒಂದೇ: ‘ಆಗುತ್ತದೆ.’

ಆ ‘ಆಗುತ್ತದೆ’ ನನಗೆ ಹೊಸದಲ್ಲ. ಮಾಲ್ಡೋವಾ ಸೋವಿಯತ್ ಒಕ್ಕೂಟದಲ್ಲಿದ್ದು ಮಾಸ್ಕೋದಿಂದ ಯೋಜನೆ ಬರುತ್ತಿದ್ದ ಕಾಲದಲ್ಲಿ ಮೇಲಿನವರಿಗೆ ‘ಆಗದು’ ಎಂದವರು ಉಳಿಯುತ್ತಿರಲಿಲ್ಲ. ಒಪ್ಪಿಕೊಳ್ಳುವುದು ಮೊದಲು, ಪೇಚಾಡುವುದು ಆಮೇಲೆ. ಈಗ ಮಾಸ್ಕೋದ ಜಾಗದಲ್ಲಿ ನಾರ್ತ್ ಕ್ಯಾರೊಲೈನ ಬಂದು ಕೂತಿತ್ತು, ಅಷ್ಟೆ.

ಕೋವಿಡ್‌ನಿಂದಾಗಿ ಖುದ್ದು ಹೋಗಿ ನೋಡುವ ಹಾಗಿರಲಿಲ್ಲ. ಒಂದು ಬೆಳಗ್ಗೆ ವೇರಾ ಫೋನ್ ಹಿಡಿದು ಕಾಂಪೌಂಡ್ ಸುತ್ತಿ ತೋರಿಸಿದಳು. ಎಲ್ಲೆಲ್ಲೂ ಹಿಮ. ಅದರ ನಡುವೆ, ಕಾರ್ಖಾನೆಯ ಗೋಡೆಯಿಂದ ಆಚೆಯ ಅಪಾರ್ಟ್‌ಮೆಂಟುಗಳವರೆಗೆ, ಒದ್ದೆ ಮಣ್ಣಿನ ಒಂದು ಕಪ್ಪು ಪಟ್ಟೆ. ಅದರ ಮೇಲೆ ಬೆಕ್ಕುಗಳು ಸಾಲಾಗಿ ಮಲಗಿದ್ದವು, as if somebody had laid them out to dry.

“ಅಲ್ಲೇಕೆ ಹಿಮ ನಿಲ್ಲುವುದಿಲ್ಲ, ವೇರಾ?”

“ಕೆಳಗೆ ಪೈಪ್ ಇದೆ,” ಎಂದಳು. ಕುಲುಮೆಯ ಬಿಸಿ ವ್ಯರ್ಥವಾಗದಂತೆ ಅದರಿಂದ ನೀರು ಕಾಯಿಸಿ ಕೆಲಸಗಾರರ ಮನೆಗಳಿಗೂ ಶಾಲೆಗೂ ಹರಿಸುತ್ತಾರಂತೆ, ಸೋವಿಯತ್ ಕಾಲದಿಂದ. ಹೊಸ ಕುಲುಮೆಯಲ್ಲಿ ಅಷ್ಟು ಬಿಸಿ ಹೊರಗೆ ಬರುವುದೇ ಇಲ್ಲ. ಅದೇ ಅದರ ಹೆಚ್ಚುಗಾರಿಕೆ.

“ಹಾಗಾದರೆ ನೀನು ಒಪ್ಪಿಕೊಂಡದ್ದು ಯಾಕೆ?”

ಅವಳು ಫೋನನ್ನು ತನ್ನ ಮುಖಕ್ಕೆ ತಿರುಗಿಸಿದಳು. “ಹೊಸ ಕುಲುಮೆ ಬಂದರೆ ಮನೆಗಳು ತಣ್ಣಗಾಗುತ್ತವೆ. ಬರದಿದ್ದರೆ ಕಾರ್ಖಾನೆಯೇ ತಣ್ಣಗಾಗುತ್ತದೆ. ನೀನಾಗಿದ್ದರೆ ಏನು ಹೇಳುತ್ತಿದ್ದೆ?”

ಶ್ರೀನಿಧಿಗೆ ಫೋನ್ ಮಾಡಿದೆ.

“ಆಂಟಿ, ಅದು ನಾನ್-ಕೋರ್ ಅಸೆಟ್. ನಾವು ಬಾಟಲಿ ಮಾಡೋಕೆ ಹೋಗ್ತಿರೋದು, ಊರಿಗೆ ಬಿಸಿನೀರು ಕಾಯ್ಸೋಕಲ್ಲ. ನೀವು ಎಮೋಷನಲ್ ಆಗ್ತಿದೀರಾ.”

“ಹೋದ ಜನವರಿಯಲ್ಲಿ ನಿಮ್ಮನೆ ಹೀಟರ್ ಕೆಟ್ಟಾಗ ಹೆಂಡ್ತಿ ಮಕ್ಕಳನ್ನ ಹೋಟೆಲಿಗೆ ಸಾಗಿಸಿದ್ಯಲ್ಲಪ್ಪಾ, ಅದೂ ನಾನ್-ಕೋರಾ?”

“ಅಯ್ಯೋ ಅದ್ ಬಿಡಿ ಆಂಟಿ! ಬೋರ್ಡ್‌ಗೆ ನಂಬರ್ಸ್ ಬೇಕು.”

“ಸರಿ, ನಂಬರ್ಸೇ ನೋಡು. ಅಲ್ಲಿ ಸಂಬಳ ಅಷ್ಟು ಕಡಿಮೆ ಅಂತ ಖುಷಿಪಟ್ಯಲ್ಲ, ಯಾಕೆ ಕಡಿಮೆ? ಅರ್ಧ ಸಂಬಳ ಪೈಪಿನಲ್ಲಿ ಹೋಗ್ತಿದೆ, ಮಗು. ಪೈಪ್ ನಿಲ್ಲಿಸು, ಕೈ ಪಳಗಿದವರೆಲ್ಲ ಕೆಲಸ ಹುಡುಕ್ಕೊಂಡು ಇಟಲಿ ಬಸ್ ಹತ್ತುತ್ತಾರೆ. ಆಮೇಲೆ ನಿನ್ನ ಕುಲುಮೆ ಮುಂದೆ ಯಾರು ನಿಲ್ತಾರೆ, ನಾನಾ?”

“ಬರೆದು ಕಳ್ಸಿ,” ಎಂದ. “ಎಮೋಷನ್ ಇಲ್ದೆ.”

ಬರೆದೆ. ಮೊದಲು ವೇರಾಳನ್ನೇ ಕೇಳಿದೆ, ಬೇರೆ ದಾರಿ ಇದೆಯೇ ಎಂದು. ಮೇಲಿನವರು ಹಾಗೆ ಕೇಳುವುದು ಅವಳಿಗೆ ಅಭ್ಯಾಸವಿರಲಿಲ್ಲವೇನೋ. ಮೂರನೆಯ ದಿನ ಸಣ್ಣದೊಂದು ಸಂದೇಶ: ಪಕ್ಕದಲ್ಲೇ ಸೂರ್ಯಕಾಂತಿ ಎಣ್ಣೆಯ ಗಿರಣಿ ಇದೆ, ಅಲ್ಲಿ ಸಿಪ್ಪೆ ಗುಡ್ಡೆ ಬಿದ್ದಿರುತ್ತದೆ, ಅದನ್ನು ಉರಿಸುವ ಬಾಯ್ಲರ್ ಹಾಕಬಹುದು. ಆ ಬಾಯ್ಲರನ್ನು ಪ್ರಾಜೆಕ್ಟಿನ ಖರ್ಚಿಗೇ ಸೇರಿಸಬೇಕು, ಅದು ಹೊತ್ತಿಕೊಂಡ ಮೇಲೆಯೇ ಹಳೆಯ ಕುಲುಮೆ ಆರಬೇಕು ಎಂದು ನನ್ನ ವರದಿಯಲ್ಲಿ ಹಾಕಿದೆ. ಬೋರ್ಡ್ ಗೊಣಗಿತು, ಒಂದು ಸಲ ಹಿಂದಕ್ಕೆ ಕಳಿಸಿತು, ಕೊನೆಗೆ ಒಪ್ಪಿತು. ಬೋರ್ಡಿನೆದುರು ವಾದಿಸಿದವನು ಶ್ರೀನಿಧಿಯೇ. ತನ್ನ ಮನೆಯ ಹೀಟರಿನ ಕಥೆಯನ್ನೂ ಹೇಳಿದನಂತೆ, ನನ್ನ ಪರ್ಮಿಷನ್ ಇಲ್ಲದೆ.

ಬಿಸಿನೆಸ್ ಕ್ಲೈಮೇಟ್ ಎಂದರೆ ತೆರಿಗೆ, ಕಾಯಿದೆ, ಲೈಸೆನ್ಸ್ ಎಂದೇ ನಾವು ಅಳೆಯುತ್ತಿದ್ದೆವು. ಆದರೆ ಅಂಥ ದೇಶಗಳಲ್ಲಿ ಕಾರ್ಖಾನೆ ಮತ್ತು ಊರಿನ ನಡುವೆ ಯಾವ ಕರಾರಿನಲ್ಲೂ ಬರೆಯದ ಕೊಡುಕೊಳ್ಳುವಿಕೆ ಇರುತ್ತದೆ. ಹೊರಗಿನವರು ಕೊಳ್ಳುವಾಗ ಅದನ್ನೂ ಕೊಳ್ಳುತ್ತಾರೆ, ಗೊತ್ತಿರಲಿ ಬಿಡಲಿ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. It took me a whole career, but never mind.

2023ರ ಬೇಸಿಗೆಯಲ್ಲಿ ವೇರಾ ಟ್ರೇನಿಂಗಿಗೆಂದು ಕ್ಯಾರೊಲೈನಕ್ಕೆ ಬಂದಳು. ಹಿಂದಿರುಗುವ ದಿನ, ನನ್ನಲ್ಲಿಗೆ ಬಂದಿದ್ದ ಅವಳನ್ನು ವಾಷಿಂಗ್ಟನ್ ಪಕ್ಕದ ಲ್ಯಾನ್‌ಹ್ಯಾಮ್‌ನ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಕ್ಯಾಂಟೀನಿನಲ್ಲಿ ದೋಸೆಯನ್ನು ಫೋರ್ಕಿನಲ್ಲಿ ಮುರಿಯಲು ಹೋಗಿ ಸೋತು, ಕೈಹಾಕಿ ತಿಂದಳು. ಅಲ್ಲಿಂದ ವಾಷಿಂಗ್ಟನ್ನಿನ ಡಲೆಸ್ ಏರ್‌ಪೋರ್ಟಿಗೆ ಡ್ರೈವ್ ಮಾಡಿದೆ. ಎರಡೂ ಕಡೆ ಹಸಿರು, ಕಿಟಕಿ ಇಳಿಸಿದ್ದೆವು, ದಾರಿ ಇನ್ನೂ ಉದ್ದವಿರಬಾರದಿತ್ತೆ ಅನಿಸುತ್ತಿತ್ತು.

“ಜನ ಉಳಿದಿದ್ದಾರಾ?” ಎಂದು ಕೇಳಿದೆ.

“ಕೆಲವರು ಹೋದರು. ಉಳಿದವರು ದಿನಾ ನನ್ನನ್ನು ಬೈಯುತ್ತಾರೆ. ಒಣಹಾಕಿದ ಬಟ್ಟೆಗೆಲ್ಲ ಸುಟ್ಟ ಸಿಪ್ಪೆಯ ವಾಸನೆಯಂತೆ.” ಅವಳು ನಕ್ಕಳು. “ಬೈಯಲಿ. ಮನೆ ಬೆಚ್ಚಗಿದ್ದವರು ತಾನೇ ಕೂತು ಬೈಯುವುದು.”

ಸೆಕ್ಯುರಿಟಿಯ ಸಾಲಿನಲ್ಲಿ, ಜೂನ್ ತಿಂಗಳ ಸೆಖೆಯಲ್ಲೂ ತೋಳಿನ ಮೇಲೆ ಉಣ್ಣೆಯ ಕೋಟು ಹಾಕಿಕೊಂಡು, ಅವಳು ಮುಂದೆ ಮುಂದೆ ಸರಿದಳು. ತಿರುವಿನಲ್ಲಿ ಯಾರೋ ಎತ್ತರದ ಮನುಷ್ಯ ಅಡ್ಡ ಬಂದ. ಅವನು ಸರಿದಾಗ ಅವಳಿರಲಿಲ್ಲ. ಆಮೇಲೆ ಅವಳನ್ನು ನಾನು ಕಂಡಿಲ್ಲ.