ದನಿ ನಿಂತರೆ ಏಟು

ಇಟ್ಟಮಡುವಿನ ನಮ್ಮ ವಠಾರದಲ್ಲಿ ಸಂಜೆ ಏಳಾದರೆ ಮೂತ್ರಪಿಂಡದ ಪಾಠ ಶುರುವಾಗುತ್ತಿತ್ತು. ಕೆಳಮನೆಯ ಚೈತ್ರ, ಹತ್ತನೇ ಕ್ಲಾಸಿನವಳು, ಬಾಗಿಲ ಬಳಿ ಕೂತು ಗಟ್ಟಿಯಾಗಿ ಓದುವಳು. ಅವಳಮ್ಮ ಮುನಿಯಕ್ಕ ಒಳಗೆ ಮುದ್ದೆ ತೊಳಸುತ್ತಾ ಕೇಳಿಸಿಕೊಳ್ಳುವಳು. ದನಿ ನಿಂತಿತೋ, ಮುದ್ದೆಕೋಲು ಹಿಡಿದೇ ಹೊರಗೆ ಬರುವಳು. ಬೆನ್ನಿಗೆ ಧಡ್ ಎಂದು ಒಂದು. ದನಿ ಮತ್ತೆ ಶುರು.

ನಾನು ಮೇಲ್ಮನೆಯಲ್ಲಿ ಟ್ಯೂಷನ್ ಹೇಳುವವಳು. ಆ ಏಟುಗಳನ್ನು ಕೇಳಿಯೂ ಕೆಳಗಿಳಿಯದೆ, ಅವರ ಮನೆ ವಿಷಯ ಎಂದು ಟಿವಿ ಜೋರು ಮಾಡಿದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುನಿಯಕ್ಕನನ್ನು ಬೈಯಬಹುದು.

ಮುನಿಯಕ್ಕ ಹದಿನೆಂಟು ವರ್ಷದಿಂದ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಗಂಡ ಇಲ್ಲ. ಅಕ್ಷರ ಬಾರದು, ಕಂಡಕ್ಟರ್ ಊರು ಕೂಗಿದ ಮೇಲೇ ಬಸ್ಸು ಹತ್ತುವವಳು. ಗಾರ್ಮೆಂಟ್ಸ್‌ನಲ್ಲಿ ಮಿಷನ್ ಸದ್ದು ನಿಂತರೆ ಸೂಪರ್‌ವೈಸರ್ ಬಂದು ತಲೆಗೆ ಮೊಟಕುತ್ತಿದ್ದ. ಸದ್ದಿದ್ದರೆ ಕೆಲಸ, ಸದ್ದಿಲ್ಲದಿದ್ದರೆ ಕಳ್ಳಾಟ. ಮಗಳ ಓದಿಗೂ ಅದೇ ಕಾನೂನು ತಂದಿದ್ದಳು. ಆ ಹುಡುಗಿ ಪಾಸಾಗದಿದ್ದರೆ ಅದೇ ಮಿಷನ್ ಮುಂದೆ ಕೂರಬೇಕು ಎನ್ನುವ ಭಯ ಅವಳನ್ನು ಹಗಲಿರುಳು ತಿನ್ನುತ್ತಿತ್ತು.

ಪ್ರಿಪರೇಟರಿ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ಎಂಬತ್ತಕ್ಕೆ ಒಂಬತ್ತು ಬಂತು. ಮುನಿಯಕ್ಕ ಪೇಪರ್ ಹಿಡಿದು ನನ್ನ ಮನೆಗೆ ಬಂದಳು, ಹಿಂದೆ ಚೈತ್ರ.

"ದಿನಾ ಮೂರು ಗಂಟೆ ಓದ್ತಾಳೆ ಮೇಡಂ. ನಾನೇ ಕಿವಿಯಾರೆ ಕೇಳಿದೀನಿ. ಸ್ಕೂಲಲ್ಲೇ ಏನೋ ಮೋಸ ನಡ್ದಿದೆ."

ನನಗೆ ನಾಲಿಗೆ ತುರಿಸಿತು. "ಮೂರು ತಿಂಗಳಿಂದ ಒಂದೇ ಪುಟ ಓದ್ತಿದಾಳೆ ಮುನಿಯಕ್ಕ. ಮೂತ್ರಪಿಂಡ ಬಿಟ್ಟು ಆ ಪುಸ್ತಕದಲ್ಲಿ ಬೇರೆ ಅಂಗಾನೇ ಇಲ್ವಾ?" ಎಂದು ನಕ್ಕುಬಿಟ್ಟೆ.

ಮುನಿಯಕ್ಕ ನಗಲಿಲ್ಲ. ಮಗಳ ಜಡೆ ಹಿಡಿದು ಮೆಟ್ಟಿಲ ಮೇಲೆ ದರದರ ಕೆಳಮನೆಗೆ ಎಳೆದುಕೊಂಡು ಹೋದಳು. "ಬಾಯಲ್ಲಿ ಮೋಸ ಮಾಡ್ತೀಯೇನೇ? ಈ ಬಾಯಲ್ಲೇ ಅಲ್ವಾ?" ಮುದ್ದೆಕೋಲು ಬಾಯಿಯ ಮೇಲೆಯೇ ಬಿತ್ತು. ಅಡ್ಡ ಹಿಡಿದ ಕೈಗೆ ಬಿತ್ತು, ಮತ್ತೆ ಬಾಯಿಗೆ. ನಾನು ಓಡಿಹೋಗಿ ಕೋಲು ಕಿತ್ತುಕೊಳ್ಳುವಷ್ಟರಲ್ಲಿ ಒಂದು ಹಲ್ಲು ನೆಲದ ಮೇಲಿತ್ತು, ಹುಡುಗಿಯ ಯೂನಿಫಾರ್ಮ್ ಎದೆಯವರೆಗೂ ಕೆಂಪಾಗಿತ್ತು. ನನಗೂ ಮೊಣಕೈಗೆ ಒಂದು ಬಿತ್ತು. ಸರಿಯಾಗಿಯೇ ಬಿತ್ತು.

ತುಟಿಗೆ ಆರು ಹೊಲಿಗೆ. ಹದಿನೈದು ದಿನ ಬಾಯಿ ಆಡಿಸಬಾರದು ಎಂದರು ಡಾಕ್ಟರ್. ಒಂದೇ ಪುಟ ಯಾಕೆ ಓದುತ್ತಿದ್ದೆ ಎಂದು ನಾನು ಕೇಳಿದಾಗ ಚೈತ್ರ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟಳು: "ಅದು ಬಾಯಿಪಾಠ ಆಗಿಬಿಟ್ಟಿದೆ ಮಿಸ್. ಹೊಸ ಪಾಠ ಓದಿದರೆ ತಡವರಿಸುತ್ತೇನೆ. ತಡವರಿಸಿದರೆ ಹೊಡೆಯುತ್ತಾಳೆ."

ಓದಿ ನನಗೆ ನಾಚಿಕೆಯಾಯಿತು. ಅಂದಿನಿಂದ ಅವಳನ್ನು ನನ್ನ ಮನೆಯಲ್ಲಿ ಕೂರಿಸಿಕೊಂಡೆ. ಅರ್ಧ ಪುಟ ಮನಸ್ಸಿನಲ್ಲೇ ಓದು, ಪುಸ್ತಕ ಮುಚ್ಚು, ನೆನಪಿದ್ದಷ್ಟು ಬರೆ, ತೆರೆದು ನೋಡಿ ತಪ್ಪಿಗೆ ಕೆಂಪು ಗೀಟು ಹಾಕು. ಮಾರನೇ ದಿನ ಮೊದಲು ಆ ಕೆಂಪನ್ನೇ ನೋಡು. ಮೊದಲ ದಿನ ಪುಟ ತುಂಬ ಕೆಂಪೇ.

ಮುನಿಯಕ್ಕನಿಗೆ ಆ ಮೌನ ತಡೆಯಲಾಗಲಿಲ್ಲ. ಮೂರನೇ ದಿನ ಬಾಗಿಲು ಬಡಿದಳು. "ಸುಮ್ನೆ ಕೂತಿದಾಳಲ್ಲ ಮೇಡಂ! ಓದ್ತಿದಾಳೋ ನಿದ್ದೆ ಮಾಡ್ತಿದಾಳೋ, ನಂಗೆ ಹೆಂಗೆ ಗೊತ್ತಾಗ್ಬೇಕು?" ಒಳನುಗ್ಗಿ ಕೈಯೆತ್ತಿದಳು. ನಾನು ಅಡ್ಡ ನಿಂತು ಅವಳ ಎದೆಗೆ ಕೈಕೊಟ್ಟು ನೂಕಿದೆ. ಅವಳು ಗೋಡೆಗೆ ಬಿದ್ದಳು. ಐವತ್ತೆಂಟು ವರ್ಷದಲ್ಲಿ ಇನ್ನೊಬ್ಬರ ಮೇಲೆ ನಾನು ಕೈಮಾಡಿದ್ದು ಅದೊಂದೇ ಸಲ, ಪಶ್ಚಾತ್ತಾಪವಿಲ್ಲ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ವಿಜ್ಞಾನಕ್ಕೆ ಐವತ್ತೆರಡು, ಎಲ್ಲದರಲ್ಲೂ ಪಾಸು. ಮುನಿಯಕ್ಕ ಮೈಸೂರ್ ಪಾಕ್ ಡಬ್ಬಿ ಹಿಡಿದು ವಠಾರದ ಹೆಂಗಸರನ್ನೆಲ್ಲ ಕರೆದಳು. ಕಣ್ಣು ತುಂಬಿತ್ತು.

"ಅವತ್ತು ಬಾಯಿಗೆ ಬಿಟ್ಟೆ ನೋಡಿ, ಆ ಏಟಿಗೇ ಬುದ್ಧಿ ಬಂತು. ದಂಡಂ ದಶಗುಣಂ ಅಂತ ಸುಮ್ನೆ ಹೇಳ್ತಾರಾ?"

ಹೌದೌದು ಎಂದರು ಹೆಂಗಸರು. ನನ್ನ ಬಾಯಲ್ಲಿ ಮೈಸೂರ್ ಪಾಕ್ ಹಾಗೇ ನಿಂತಿತು.

ಚೈತ್ರ ತುಟಿಯ ಗಾಯದ ಗುರುತು ಮುಟ್ಟಿಕೊಂಡಳು. "ಚಿಕ್ಕೋಳಿದ್ದಾಗ ಮೇಷ್ಟ್ರು ನಿಂಗೂ ಹೊಡೆದಿದ್ರಂತಲ್ಲಮ್ಮ. ಎರಡನೇ ಕ್ಲಾಸಲ್ಲಿ. ಅಜ್ಜಿ ಹೇಳಿದ್ಲು, ಮಾರನೇ ದಿನದಿಂದ ನೀನು ಸ್ಕೂಲಿಗೇ ಹೋಗ್ಲಿಲ್ವಂತೆ. ಆ ಏಟಿಗೆ ನಿಂಗ್ಯಾಕೆ ಬುದ್ಧಿ ಬರ್ಲಿಲ್ಲ?"

ಮುನಿಯಕ್ಕನ ಕೈ ಮೇಲೆದ್ದಿತು. ಚೈತ್ರ ಹಿಂದೆ ಸರಿಯಲಿಲ್ಲ. ಆ ಕೈ ತಿರುಗಿ ಮುನಿಯಕ್ಕನ ಕೆನ್ನೆಗೇ ಬಿತ್ತು. ಮತ್ತೆ ಬಿತ್ತು, ಎರಡೂ ಕೈಯಿಂದ ಪಟಪಟನೆ, ಬಳೆ ಒಡೆದು ರಕ್ತ ಬರುವ ಹಾಗೆ. ಹೆಂಗಸರು ಬೇಡ ಬೇಡ ಎಂದು ಕೂಗಿದರು. ಚೈತ್ರ ನೋಡುತ್ತಾ ನಿಂತಿದ್ದಳು. ಅಮ್ಮನ ಕೈ ಹಿಡಿದುಕೊಳ್ಳಲು ಅವಳು ಬಹಳ ಹೊತ್ತು ತೆಗೆದುಕೊಂಡಳು.