ಗಬ್ಬದ ಹಸು ಕಿತ್ತುಕೊಂಡ ಓಟು

ಸ್ನೇಹಿತರೆ, ಬೆಳಗಿನ ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮೂರ ಹಾಲಿನ ಡೈರಿ ಚುನಾವಣೆಯ ಮತದಾರರ ಪಟ್ಟಿಯಲ್ಲಿ ನಮ್ಮ ಅತ್ತಿಗೆಯ ಹೆಸರೇ ಇಲ್ಲ. ಹದಿನೈದು ವರ್ಷದಿಂದ ಅಲ್ಲಿಗೆ ಎರಡು ಹೊತ್ತೂ ಹಾಲು ಹಾಕುತ್ತಿರುವವರು ಅವರು.

ಕಾರ್ಯದರ್ಶಿ ಕಂಪ್ಯೂಟರಿನತ್ತ ಕೈ ತೋರಿಸಿದ. "ಈ ವರ್ಸ ನೀವು ಹಾಲು ಹಾಕಿರೋ ದಿನ ಕಮ್ಮಿ ಕಣಕ್ಕ. ಅದೇ ತೆಗ್ದಾಕ್ಬುಟ್ಟದೆ."

"ಹಸ ಗಬ್ಬ ಆಗಿತ್ತು ಕಣಪ್ಪ. ಬತ್ತೋದ್ಮೇಲೆ ಹಾಲು ಎಲ್ಲಿಂದ ತರ್ಲಿ?"

"ರೂಲ್ಸು ಅಂಗದೆ. ಬೇಕಾದ್ರೆ ಕೆ.ಆರ್. ಪೇಟೆ ಆಫೀಸ್ಗೋಗಿ ಕೇಳಿ."

ಕೊಟ್ಟಿಗೆ ತುಂಬ ಹಸು ಕಟ್ಟಿದವರಿಗೆ, ವರ್ಷಕ್ಕೆ ಇಂತಿಷ್ಟು ದಿನ ಹಾಲು ಹಾಕಿದರಷ್ಟೇ ಓಟು ಎನ್ನುವ ಈ ನಿಯಮ ತಟ್ಟುವುದೇ ಇಲ್ಲ. ಒಂದು ಬತ್ತಿದರೆ ಇನ್ನೊಂದು ಹಾಲು ಕೊಡುತ್ತದೆ. ಒಂದೇ ಹಸು ಸಾಕಿದವರು ಮಾತ್ರ ಅದು ಗಬ್ಬವಾದಾಗಲೆಲ್ಲ ಓಟು ಕಳೆದುಕೊಳ್ಳಬೇಕು.

ಅತ್ತಿಗೆ ಖಾಲಿ ಕ್ಯಾನು ಎತ್ತಿಕೊಂಡು ಹೇಳಿದರು: "ಮುಂದ್ಲ ಎಲೆಕ್ಷನ್ನು ಯಾವಾಗ ಅಂತ ಈಗ್ಲೇ ಹೇಳ್ಬುಡಪ್ಪ. ಅದುನ್ನ ನೋಡ್ಕೊಂಡೇ ಹಸೀಗೆ ಗಬ್ಬದ ಇಂಜೆಕ್ಷನ್ನು ಕೊಡುಸ್ತೀನಿ."