ಸಿಡಿಲು ಬಡಿಯದ ಶಾಲೆ

ಅಮೆರಿಕದ ದಕ್ಷಿಣ ಭಾಗದ ಒಂದು ಹಳ್ಳಿಗಾಡಿನ ಕೌಂಟಿಯಲ್ಲಿ – ನಮ್ಮ ತಾಲ್ಲೂಕಿನಂಥದ್ದು – ರಸ್ತೆಯ ಪಕ್ಕ, ಚರಿತ್ರೆ ಹೇಳುವ ಒಂದು ಲೋಹದ ಫಲಕವಿದೆ. ಕಪ್ಪು ಜನರು ತಮ್ಮ ಮಕ್ಕಳಿಗಾಗಿ ಅಲ್ಲಿ ಕಟ್ಟಿಕೊಂಡಿದ್ದ ಶಾಲೆ ಸಿಡಿಲು ಬಡಿದು ಸುಟ್ಟುಹೋಯಿತು ಎಂದು ಅದರಲ್ಲಿ ಬರೆದಿದೆ. ಅದು ಸುಳ್ಳು. ಸುಳ್ಳೆಂದು ನನಗೆ ಗೊತ್ತಿತ್ತು – ಗೊತ್ತಿದ್ದೂ, ಹಾಗೆ ಬರೆಯಲು ಒಪ್ಪಿ ಕೈ ಎತ್ತಿದೆ.

ನಾನು ಡಾಕ್ಟರು. ವೀಸಾದ ಷರತ್ತಿಗೆ ಕಟ್ಟುಬಿದ್ದು, ಬೇರೆ ವೈದ್ಯರು ಹೋಗಲೊಲ್ಲದ ಆ ಊರಿನಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ಪಕ್ಕದ ಮನೆಯ ಹ್ಯಾಂಕ್ ಮತ್ತು ಅವರ ಹೆಂಡತಿ ನಮ್ಮನ್ನು ಬಹಳ ಹಚ್ಚಿಕೊಂಡರು. ಮಾಂಸ ಸೋಕದ ಹಾಗೆ ಎಚ್ಚರದಿಂದ ಅಡುಗೆ ಮಾಡಿ ತರುತ್ತಿದ್ದರು. ನನ್ನ ಹೆಂಡತಿ ಸುಧಾಗೆ ಹೆರಿಗೆ ನೋವು ಬಂದಾಗ ನಾನು ಊರಲ್ಲಿರಲಿಲ್ಲ, ಆಸ್ಪತ್ರೆಗೆ ಕರೆದೊಯ್ದವರು ಅವರೇ. ಹಿರಿಯರನ್ನು ಹೆಸರು ಹಿಡಿದು ಕರೆದು ನಮಗೆ ರೂಢಿಯಿಲ್ಲವಲ್ಲ – ಹ್ಯಾಂಕ್ ಅಂಕಲ್ ಎಂದೆವು. ಮಗಳಿಗೆ ಮಾತು ಬಂದಾಗ ಅವರನ್ನು ತಾತ ಎನ್ನಲು ಕಲಿಸಿದೆವು.

ಆ ಅಂಕಲ್ ಒಂದು ಸಂಜೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತು, ಎರಡನೇ ಸಲ ಚಿತ್ರಾನ್ನ ಹಾಕಿಸಿಕೊಳ್ಳುತ್ತ ಹೇಳಿದರು: “ಆ ಶಾಲೆಗೆ ಬೆಂಕಿ ಇಟ್ಟಿದ್ದು ನಮ್ಮಪ್ಪ. ಸೀಮೆಎಣ್ಣೆ ಹೋಗಿದ್ದೂ ನಮ್ಮನೆಯಿಂದಲೇ.” ದನಿಯಲ್ಲಿ ಹೆಮ್ಮೆ ಇರಲಿಲ್ಲ, ನಾಚಿಕೆಯೂ ಇದ್ದಂತಿರಲಿಲ್ಲ. ನಾನು ನೀರು ಕುಡಿದೆ. ಸುಧಾ ಉಪ್ಪಿನಕಾಯಿ ಬಡಿಸಿದಳು.

ಕೌಂಟಿಯಲ್ಲಿ ಫಲಕ ನೆಡಿಸುವ ಸಮಿತಿಗೆ ಅವರೇ ಅಧ್ಯಕ್ಷರು. ಊರಿನ ಡಾಕ್ಟರೆಂದು ನನ್ನನ್ನೂ ಸೇರಿಸಿಕೊಂಡಿದ್ದರು, ನಾನು ಉಬ್ಬಿಹೋಗಿದ್ದೆ. ಶಾಲೆಯ ಫಲಕದ ಮಾತು ಬಂದ ದಿನ ಲೊರೆಟ್ಟಾ ಎಂಬ ನಿವೃತ್ತ ಶಿಕ್ಷಕಿ ಸಭೆಗೆ ಬಂದರು. ಶಾಲೆ ಕಟ್ಟಿದವರಲ್ಲಿ ಅವರ ಅಜ್ಜ ಒಬ್ಬರು. ಬೆಂಕಿ ಹಚ್ಚಿದ್ದನ್ನು ಅಜ್ಜಿ ಕಣ್ಣಾರೆ ಕಂಡಿದ್ದರಂತೆ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ ಎಂದು ಕೇಳಿಕೊಂಡರು. ಸಿಡಿಲು ಬಡಿಯಿತೆಂದು ತಾವೇ ಬರೆದ ಕರಡನ್ನು ಕೈಯಲ್ಲಿ ಹಿಡಿದಿದ್ದ ಅಂಕಲ್, “ಅಜ್ಜಿ ಹೇಳಿದ ಕಥೆಯೆಲ್ಲ ಸಾಕ್ಷಿ ಆಗುತ್ತಾ?” ಎಂದರು. ನಾಲಿಗೆಯಾದರೂ ಹೇಗೆ ಹೊರಳಿತು ಆ ಮನುಷ್ಯನಿಗೆ? ಅದೂ ನನ್ನೆದುರಿಗೆ – ನಾನು ಬಾಯಿ ಬಿಡುವುದಿಲ್ಲವೆಂಬ ಖಾತ್ರಿ ಎಷ್ಟಿದ್ದಿರಬೇಕು –

ಲೊರೆಟ್ಟಾ ನನ್ನ ಕಡೆ ತಿರುಗಿದರು. “ಡಾಕ್ಟ್ರೇ, ಎಲ್ಲರ ಮನೇಲೂ ನಿಮಗೆ ಬಳಕೆ ಇದೆ. ನೀವೇನಾದ್ರೂ ಕೇಳಿದೀರಾ?”

“ಇಲ್ಲ,” ಎಂದೆ.

ಮನೆಗೆ ಬಂದು ಹೇಳಿದರೆ ಸುಧಾ, “ಒಳ್ಳೇದೇ ಮಾಡಿದ್ರಿ ಬಿಡಿ. ಮಗೂಗೆ ತಾತ ಆದೋರ ಮರ್ಯಾದೆ ಬೀದಿಗೆ ತರಕ್ಕಾಗುತ್ತಾ? ನಮಗ್ಯಾಕೆ ಊರ ಉಸಾಬರಿ,” ಎಂದಳು. ನನಗೂ ಹಾಗೆಯೇ ಅನ್ನಿಸಿತ್ತು, ಮನೆಯ ಹಿರಿಯರ ಮಾನ ಕಾಪಾಡಿದೆನೆಂದು. ಎಲ್ಲಿಯ ಮನೆ, ಎಲ್ಲಿಯ ಹಿರಿಯರು. ಲೊರೆಟ್ಟಾ ಕೂಡ ಅದೇ ವಯಸ್ಸಿನವರು. ಲೈಬ್ರರಿಯಲ್ಲಿ ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಲು ಕಲಿಸಿದವರು. ಅವರನ್ನು ಅಜ್ಜಿ ಎನ್ನು ಎಂದು ನಾವು ಮಗಳಿಗೆ ಹೇಳಿಕೊಡಲಿಲ್ಲ. ನಮ್ಮ ಬಾಯಲ್ಲಿ ಅವರು ಬರೀ ಲೊರೆಟ್ಟಾ. ಯಾಕೆ ಎಂದು ಕೇಳಬೇಡಿ – ಅಲ್ಲ, ಕೇಳಿ. ಬಿಳಿಯರ ಜೊತೆ ನೆಂಟಸ್ತನ ಬೆಳೆಸಲು ನಾವು ಹಾತೊರೆದೆವು, ಈ ಹೆಂಗಸಿನ ನೆಂಟಸ್ತನ ನಮಗೆ ಬೇಕಿರಲಿಲ್ಲ. ಬರೆಯಲು ಮೈ ಉರಿಯುತ್ತದೆ.

ಆಮೇಲೆ ನಾವು ಮಿಶಿಗನ್ನಿನ ನಾರ್ತ್‌ವಿಲ್‌ಗೆ ಬಂದೆವು. ಲೊರೆಟ್ಟಾ ಡೆಟ್ರಾಯಿಟ್‌ನಲ್ಲಿ ಮಗಳ ಮನೆ ಸೇರಿದ್ದಾರೆಂದು ತಿಳಿದ ಮೇಲೂ ಅತ್ತ ತಲೆ ಹಾಕಲಿಲ್ಲ, ಡ್ರೈವ್ ಮಾಡಿದರೆ ಅರ್ಧ ಗಂಟೆಯ ದಾರಿ. ಅಂಕಲ್ ತೀರಿಕೊಂಡರು. ಆಗಲೂ ಸುಮ್ಮನಿದ್ದೆ. ಕಳೆದ ವರ್ಷ ಬೇರೆ ರಾಜ್ಯದ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನಲ್ಲಿ ನಡೆದ ನಮ್ಮ ಕನ್ನಡದವರ ಕೂಟದಲ್ಲಿ ಪರಂಪರೆಯ ಬಗ್ಗೆ ಭಾಷಣ ಬಿಗಿದೆ. ನಮ್ಮ ಕಡೆ ವೀರಗಲ್ಲಿನ ಮೇಲೆ ಬಟ್ಟೆ ಒಗೆಯುತ್ತಾರೆ, ಸತ್ತವರ ನೆನಪಿಗೆ ಬೆಲೆ ಕೊಡದ ಜನ ನಾವು ಎಂದು ಗಂಟಲು ಹರಿದುಕೊಂಡೆ. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು. ಒಗೆಯುವವರು ಕಲ್ಲಿನ ಮೇಲೆ ಸುಳ್ಳು ಕೊರೆದಿಲ್ಲ. ನಾನು ಮಾಡಿದ್ದು ಅದಕ್ಕಿಂತ ಕಡೆ – ಆ ಶಾಲನ್ನು ಹೊದ್ದುಕೊಂಡು ಫೋಟೋಗೆ ಬೇರೆ ನಿಂತೆ.

ಈ ವಸಂತದಲ್ಲಿ ಕೊನೆಗೂ ಡೆಟ್ರಾಯಿಟ್‌ಗೆ ಹೋದೆ. ಲೊರೆಟ್ಟಾ ಟೀವಿ ಆರಿಸಿ, ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಅಳಲಿಲ್ಲ, ಬೈಯಲಿಲ್ಲ. ಕ್ಷಮಿಸಲೂ ಇಲ್ಲ.

“ಯಾರು ಸುಟ್ಟರು ಅಂತ ನನಗೆ ಬುದ್ಧಿ ಬಂದಾಗಿಂದ ಗೊತ್ತು, ಡಾಕ್ಟ್ರೇ,” ಎಂದರು. “ಅದನ್ನ ನನಗೇ ಹೇಳೋಕೆ ಬಂದಿರಾ? ಹೋಗಿ ಆ ಊರಲ್ಲಿ ಹೇಳಿ.”

ಇಷ್ಟು ವರ್ಷ ಹೊತ್ತ ಭಾರವನ್ನು ಎಂಬತ್ತು ದಾಟಿದ ಆಕೆಯ ಮಡಿಲಿಗೆ ಸುರಿದು ಹಗುರಾಗಿ ಬರಲು ಹೋಗಿದ್ದೆ ನಾನು. ಅದೂ ಒಂದು ಕಳ್ಳತನವೇ.

ಸಮಿತಿಯ ಮುಂದಿನ ಸಭೆಯಲ್ಲಿ ಮಾತಾಡಲು ಅವಕಾಶ ಕೇಳಿದ್ದೇನೆ, ಸಿಕ್ಕಿದೆ. ಏನು ಮಾತಾಡಲಿದ್ದೇನೆಂದೂ ತಿಳಿಸಿದ್ದೇನೆ. ಈಗ ಅಂಕಲ್ ಅವರ ಮಗನೇ ಅಧ್ಯಕ್ಷ. ಫೋನ್ ಮಾಡಿ, ಅಪ್ಪನ ಮಾತು ಸಭೆಯಲ್ಲಿ ಬೇಡ, ಮೊದಲು ಮನೆಗೆ ಬನ್ನಿ, ಅಮ್ಮ ನಿಮಗೆಂದೇ ಅಡುಗೆ ಮಾಡುತ್ತಾರೆ, ಕೂತು ಮಾತಾಡೋಣ ಎಂದ. ಊಟ ಬೇಡ ಎಂದೆ, ಹೋಟೆಲಿನಲ್ಲಿ ರೂಮು ಹಿಡಿದಿದ್ದೇನೆ.